‘ಕಾಸಾಬ್ಲಾಂಕಾ’ ಮತ್ತೆ ನೋಡಿದೆ, ಮುಂದೆ ಯಾವುದು? ಯುದ್ಧದ ಕಾಲದ ಹಾಲಿವುಡ್ ಬಗ್ಗೆ ಒಂದು ಪ್ರಶ್ನೆ

ಸಂಜೆಪಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಸಿನಿಮಾ ಬಗ್ಗೆ ಓದಿಕೊಂಡವಳಲ್ಲ, ಸುಮ್ನೆ ನೋಡುವವಳು. ಕಾಲೇಜಿನ ದಿನಗಳಲ್ಲಿ ಹಳೇ ಹಾಲಿವುಡ್ ಚಿತ್ರಗಳ ಹುಚ್ಚಿತ್ತು. ಆಮೇಲೆ ಕೆಲಸ, ಮನೆ ಅಂತ ಬಿಟ್ಟುಹೋಯಿತು. ಈಗ ಎರಡನೇ ಮಹಾಯುದ್ಧದ ಕಾಲದವನ್ನೂ ಅದಾದ ಮೇಲಿನ ನಾಲ್ಕೈದು ವರ್ಷದವನ್ನೂ ಮತ್ತೆ ಹಿಡಿದು ಕೂತಿದ್ದೇನೆ.

ಯುದ್ಧದಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋಗಲು ಕಾಯುವವರು ಸೇರುವ ಕೆಫೆಯ ಕಥೆ ‘ಕಾಸಾಬ್ಲಾಂಕಾ’ದಿಂದ ಶುರು ಮಾಡಿದೆ. ಮೊದಲು ನೋಡಿದಾಗ ಹಂಫ್ರಿ ಬೋಗಾರ್ಟ್, ಇಂಗ್ರಿಡ್ ಬರ್ಗ್‌ಮನ್ ಬಿಟ್ಟರೆ ಇನ್ಯಾರೂ ಕಣ್ಣಿಗೇ ಬಿದ್ದಿರಲಿಲ್ಲ. ಈ ಸಲ ಅವರಿಬ್ಬರ ಪ್ರೇಮ ಅಷ್ಟಾಗಿ ತಟ್ಟಲಿಲ್ಲ. ಅವರ ಹಿಂದೆ ಕೂತವರನ್ನೇ ನೋಡುತ್ತಿದ್ದೆ. ಜರ್ಮನ್ ಅಧಿಕಾರಿಗಳ ಹಾಡನ್ನು ಅಡಗಿಸಲು ಕೆಫೆಯವರೆಲ್ಲ ಎದ್ದು ಫ್ರಾನ್ಸಿನ ರಾಷ್ಟ್ರಗೀತೆ ಹಾಡುತ್ತಾರಲ್ಲ, ಅಲ್ಲಿ ಇವೊನ್ ಅನ್ನುವ ಹುಡುಗಿ ಅಳುತ್ತಾಳೆ. ಅದು ಗ್ಲಿಸರಿನ್ ಅಳು ಅನ್ನಿಸಲಿಲ್ಲ. ಆಮೇಲೆ ಹುಡುಕಿದರೆ ಆಕೆ ಮ್ಯಾಡೆಲೀನ್ ಲೆಬೋ, 1940ರಲ್ಲಿ ಜರ್ಮನ್ ಸೇನೆ ಬರುತ್ತಿದ್ದಾಗ ಪ್ಯಾರಿಸ್ ಬಿಟ್ಟು ಓಡಿಬಂದವರು. ಜೊತೆಗೆ ಬಂದ ಗಂಡ ಮಾರ್ಸೆಲ್ ಡಾಲಿಯೋ ಅದೇ ಚಿತ್ರದಲ್ಲಿ ಜೂಜಿನ ಮೇಜು ನಡೆಸುತ್ತಾರೆ. ಫ್ರಾನ್ಸಿನಲ್ಲಿ ಹೆಸರಾಂತ ನಟ, ಇಲ್ಲಿ ನಾಲ್ಕು ಮಾತಿನ ಪಾತ್ರ. ನಾಜಿ ಮೇಜರ್ ಆಗಿರುವ ಕಾನ್ರಾಡ್ ವೈಟ್ ಕೂಡ ಹಿಟ್ಲರ್ ಅಧಿಕಾರಕ್ಕೆ ಬಂದಮೇಲೆ ಜರ್ಮನಿ ಬಿಟ್ಟವರು. ಅವರ ಹೆಂಡತಿ ಯಹೂದಿ.

ಇದೇ ಉತ್ಸಾಹದಲ್ಲಿ ‘ಮಿಸೆಸ್ ಮಿನಿವರ್’ ಹಾಕಿದೆ. ಅರ್ಧದಲ್ಲೇ ಕೈಗೆ ಫೋನ್ ಬಂತು. ಚೊಕ್ಕಟವಾದ ಇಂಗ್ಲಿಷ್ ಹಳ್ಳಿ, ಗುಲಾಬಿ ಹೂವಿನ ಸ್ಪರ್ಧೆ, ಬಾಂಬ್ ಬಿದ್ದರೂ ಕೂದಲು ಕದಲದ ಗ್ರೀರ್ ಗಾರ್ಸನ್. ಕೊನೆಗೆ ಪಾದ್ರಿ, ಛಾವಣಿ ಹಾರಿಹೋದ ಚರ್ಚಿನಲ್ಲಿ ನಿಂತು ಭಾಷಣ ಮಾಡುತ್ತಾರೆ. ಇದಕ್ಕೆ 6 ಆಸ್ಕರ್!

ಎರಡೂ 1942ರ ಚಿತ್ರಗಳೇ. ಒಂದು ಇನ್ನೂ ಉಸಿರಾಡುತ್ತಿದೆ, ಇನ್ನೊಂದು ಗೋಡೆಗೆ ಅಂಟಿಸಿದ ಪೋಸ್ಟರ್ ಥರ ಇದೆ. ಯಾಕೆ ಹೀಗೆ? ಯುದ್ಧ ಮುಗಿದ ಮೇಲಾದರೂ ಈ ಭಾಷಣದ ಚಟ ಬಿಟ್ಟಿತಾ? ವರ್ಷದ ಪ್ರಕಾರ ನೋಡುತ್ತಾ ಹೋಗಲಾ, ಬೇರೆ ದಾರಿ ಇದೆಯಾ? ಸಾಯುವ ಮುಂಚೆ ನೋಡಲೇಬೇಕಾದ ನೂರು ಚಿತ್ರ ಅಂತ ಪಟ್ಟಿ ಮಾತ್ರ ಕೊಡಬೇಡಿ, ಕೈಮುಗಿಯುತ್ತೇನೆ.

ಕಪ್ಪುಬಿಳುಪು:

ಪಟ್ಟಿ ಕೊಡುವುದಿಲ್ಲ ಮೇಡಂ. ಆದರೆ ‘ಮಿನಿವರ್’ ಮೇಲೆ ಸ್ವಲ್ಪ ಕರುಣೆ ಇರಲಿ.

ಅದರ ಶೂಟಿಂಗ್ ಶುರುವಾದದ್ದು 1941ರ ನವೆಂಬರ್‌ನಲ್ಲಿ. ಆಗ ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ಶೂಟಿಂಗ್ ನಡೆಯುತ್ತಿರುವಾಗಲೇ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿ ಆಯಿತು. ಸಮುದ್ರದಾಚೆಯ ಇಂಗ್ಲೆಂಡಿನ ಕಷ್ಟ ಅಮೆರಿಕದ ಮನೆಮನೆಗೂ ತನ್ನದೇ ಅನ್ನಿಸಬೇಕು, ಅದು ಆ ಚಿತ್ರಕ್ಕಿದ್ದ ಕೆಲಸ. ಮಾಡಿ ತೋರಿಸಿತು. ನಿಮಗೆ ಬೇಜಾರು ಹಿಡಿಸಿದ ಪಾದ್ರಿಯ ಮಾತು ಅಧ್ಯಕ್ಷ ರೂಸ್‌ವೆಲ್ಟ್‌ಗೆ ಎಷ್ಟು ಹಿಡಿಸಿತೆಂದರೆ ಅದನ್ನು ಕರಪತ್ರವಾಗಿ ಅಚ್ಚು ಹಾಕಿಸಿದರು. ನೀವು ಪೋಸ್ಟರ್ ಅಂದದ್ದು ಸರಿಯೇ. ಅದು ಪೋಸ್ಟರೇ.

ಹಾಗಂತ ‘ಕಾಸಾಬ್ಲಾಂಕಾ’ ಏನು ಸಾಚಾ? ಶುರುವಿನಲ್ಲಿ ಕೆಫೆಯ ಮಾಲೀಕ ರಿಕ್, ಅಂದರೆ ಬೋಗಾರ್ಟ್, ಒಂದು ಚೀಟಿಗೆ ಸಹಿ ಹಾಕುತ್ತಾನೆ. ಅದರ ಮೇಲಿನ ತಾರೀಕು ನೋಡಿ. 1941ರ ಡಿಸೆಂಬರ್ 2. ಪರ್ಲ್ ಹಾರ್ಬರ್‌ಗೆ ಐದು ದಿನ ಮುಂಚೆ. ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನಿರುವ ರಿಕ್ ಅಂದರೆ ಅಮೆರಿಕವೇ. ಅವನು ಕೊನೆಗೆ ಪಕ್ಷ ಹಿಡಿಯಲೇಬೇಕು. ಹೇಳುವುದು ಎರಡೂ ಚಿತ್ರ ಅದನ್ನೇ. ಒಂದು ಪಾದ್ರಿ ಕೈಲಿ ಹೇಳಿಸಿತು, ಇನ್ನೊಂದು ತಾರೀಕಿನಲ್ಲಿ ಬಚ್ಚಿಟ್ಟಿತು, ಅಷ್ಟೇ ವ್ಯತ್ಯಾಸ. ಜೊತೆಗೆ ನೀವು ಹೇಳಿದ ಆ ಮುಖಗಳು. ‘ಮಿನಿವರ್’ನಲ್ಲೂ ಅಂಥ ಒಂದು ಮುಖ ಇದೆ, ನೋಡಿದಿರಾ? ಅಡುಗೆಮನೆಗೆ ನುಗ್ಗುವ ಗಾಯಗೊಂಡ ಜರ್ಮನ್ ಪೈಲಟ್. ನಟನ ಹೆಸರು ಹೆಲ್ಮುಟ್ ಡಾಂಟೀನ್. ‘ಕಾಸಾಬ್ಲಾಂಕಾ’ದಲ್ಲಿ ರೂಲೆಟ್ ಆಡಿ ವೀಸಾದ ದುಡ್ಡು ಗೆಲ್ಲುವ ಬಲ್ಗೇರಿಯಾದ ಹುಡುಗನೂ ಅವರೇ. ನಿಜಜೀವನದಲ್ಲಿ ವಿಯೆನ್ನಾದವರು. ನಾಜಿಗಳು ಆಸ್ಟ್ರಿಯಾ ನುಂಗಿದಾಗ ಕ್ಯಾಂಪಿನಲ್ಲಿ ಕೊಳೆತು ಬಂದವರು.

ಬಡತನವೂ ‘ಕಾಸಾಬ್ಲಾಂಕಾ’ಗೆ ಒಳ್ಳೆಯದೇ ಮಾಡಿತು. ಯುದ್ಧಕ್ಕೆ ಮರ, ಮೊಳೆ ಬೇಕಿತ್ತು. ಒಂದು ಚಿತ್ರದ ಹೊಸ ಸೆಟ್ಟುಗಳಿಗೆ 5000 ಡಾಲರ್‌ಗಿಂತ ಜಾಸ್ತಿ ಸಾಮಾನು ಬಳಸುವಂತಿಲ್ಲ ಅಂತ ಸರ್ಕಾರ 1942ರಲ್ಲಿ ಕಟ್ಟು ಹಾಕಿತು. ಕೊನೆಯ ವಿಮಾನ ನಿಲ್ದಾಣ ಇದೆಯಲ್ಲ, ಅದು ಸ್ಟುಡಿಯೋದ ಒಳಗೆ ನಿಲ್ಲಿಸಿದ ಪ್ಲೈವುಡ್ ವಿಮಾನ. ಸಣ್ಣದು. ದೊಡ್ಡದಾಗಿ ಕಾಣಲಿ ಅಂತ ಕುಳ್ಳಗಿನವರನ್ನು ಮೆಕ್ಯಾನಿಕ್ ಮಾಡಿ ಪಕ್ಕದಲ್ಲಿ ನಿಲ್ಲಿಸಿದರು. ಬಂಡವಾಳ ಬಯಲಾಗದಿರಲು ಮಂಜು ಬಿಟ್ಟರು. ಆ ಮಂಜನ್ನು ನೋಡಿ ಎಷ್ಟು ಜನ ಕವಿಗಳಾದರೋ!

ಈಗ ನಿಮ್ಮ ಕೊನೇ ಪ್ರಶ್ನೆ. ವರ್ಷದ ಪ್ರಕಾರ ಬೇಡ. ಒಬ್ಬ ನಿರ್ದೇಶಕನನ್ನು ಹಿಡಿಯಿರಿ. ಅವನು ಯುದ್ಧಕ್ಕೆ ಹೋಗುವ ಮುಂಚಿನದೊಂದು, ವಾಪಸ್ ಬಂದಮೇಲಿನದೊಂದು ನೋಡಿ. ನೀವು ಅರ್ಧ ಕೆಲಸ ಆಗಲೇ ಮುಗಿಸಿದ್ದೀರಿ. ‘ಮಿನಿವರ್’ ಮಾಡಿದ ವಿಲಿಯಂ ವೈಲರ್ ಆಮೇಲೆ ವಾಯುಪಡೆಗೆ ಸೇರಿದರು. ಬಿ-17 ಬಾಂಬರ್‌ಗಳಲ್ಲಿ ಕೂತು ಜರ್ಮನಿಯ ಮೇಲೆ ಹಾರಿ 16 ಎಂಎಂ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಅದೇ 1944ರ ‘ದ ಮೆಂಫಿಸ್ ಬೆಲ್’. ಅವರ ತಂಡದವರೊಬ್ಬರು ಉರುಳಿದ ವಿಮಾನದ ಜೊತೆಗೇ ಸತ್ತರು. 1945ರಲ್ಲಿ ಇಟಲಿಯಲ್ಲಿ ಇನ್ನೊಂದು ಚಿತ್ರಕ್ಕಾಗಿ ಹಾರುವಾಗ ವೈಲರ್‌ಗೆ ಕಿವಿ ಹೋಯಿತು. ಮುಂದಿನ ಚಿತ್ರ ನಿರ್ದೇಶಿಸುವಾಗ ನಟರ ಮಾತು ಕೇಳಲು ಹೆಡ್‌ಫೋನ್ ಹಾಕಿ ಕೂರಬೇಕಾಯಿತು.

ಆ ಮುಂದಿನ ಚಿತ್ರವೇ 1946ರ ‘ದ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’. ಆಲ್, ಫ್ರೆಡ್, ಹೋಮರ್ ಅನ್ನುವ ಮೂವರು ಸೈನಿಕರು ಊರಿಗೆ ವಾಪಸ್ ಬರುತ್ತಾರೆ. ಕಥೆ ಇಷ್ಟೇ. ವೈಲರ್ ನಟಿಯರಿಗೆ ಅಂಗಡಿಗೆ ಹೋಗಿ ಮಾಮೂಲಿ ಬಟ್ಟೆ ಕೊಂಡು, ಶೂಟಿಂಗ್‌ಗೆ ಮುಂಚೆಯೇ ಹಾಕಿ ಹಳೇದು ಮಾಡಿ ಅಂದರು. ಸೆಟ್ಟಿನ ಕೋಣೆಗಳನ್ನು ನಿಜವಾದ ಮನೆಯ ಅಳತೆಗೇ ಕಟ್ಟಿಸಿದರು. ಹಾಗಾಗಿ ಎಲ್ಲರೂ ಇಕ್ಕಟ್ಟಿನಲ್ಲೇ ಓಡಾಡುತ್ತಾರೆ. ಕದಲದ ಕೂದಲು ಇಲ್ಲಿ ಸಿಗುವುದಿಲ್ಲ ನಿಮಗೆ.

ಒಂದು ದೃಶ್ಯ ಹೇಳಿಬಿಡುತ್ತೇನೆ, ಮಜಾ ಕೆಡುವುದಿಲ್ಲ. ಬುಚ್ ಅನ್ನುವವನ ಬಾರು. ಆಲ್‌ಗೆ ತನ್ನ ಮಗಳು ಫ್ರೆಡ್‌ನನ್ನು ಪ್ರೀತಿಸುತ್ತಿರುವುದು ಗೊತ್ತಾಗಿದೆ. ಫ್ರೆಡ್ ಮದುವೆಯಾದವನು. ಅವಳ ಸಹವಾಸ ಬಿಡು ಅಂತ ಆಲ್ ಹೇಳಿದ್ದಾನೆ. ಫ್ರೆಡ್ ಎದ್ದು ದೂರದ ಮೂಲೆಯ ಫೋನ್ ಬೂತಿಗೆ ಹೋಗುತ್ತಾನೆ. ಅದೇ ಹೊತ್ತಿಗೆ ಕೈ ಕಳೆದುಕೊಂಡ ಹೋಮರ್ ತನ್ನ ಕೊಕ್ಕೆಗಳಲ್ಲಿ ಪಿಯಾನೋ ನುಡಿಸುವುದನ್ನು ಕಲಿತಿದ್ದೇನೆ ನೋಡಿ ಅಂತ ಕೂರುತ್ತಾನೆ. ನಮ್ಮ ಮುಂದೆ ಪಿಯಾನೋ. ಪಕ್ಕದಲ್ಲಿ ಆಲ್. ತೀರಾ ಹಿಂದೆ, ಬೆರಳುದ್ದದ ಫ್ರೆಡ್. ಒಂದು ಪ್ರೇಮ ಮುರಿಯುತ್ತಿದೆ, ಒಂದು ಮಾತೂ ನಮಗೆ ಕೇಳುವುದಿಲ್ಲ. ಕ್ಯಾಮೆರಾ ಬೂತಿನ ಹತ್ತಿರ ಹೋಗುವುದೇ ಇಲ್ಲ. ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಸಮ ಸ್ಪಷ್ಟವಾಗಿ ಇಟ್ಟಿದ್ದಾರೆ. ಎಲ್ಲಿ ನೋಡಬೇಕು ಅನ್ನುವುದು ನಮ್ಮ ಪಾಲಿಗೆ. ‘ಮಿನಿವರ್’ ಮಾಡಿದವರೇ ಇದನ್ನೂ ಮಾಡಿದ್ದು ಅಂದರೆ ನಂಬುವುದು ಕಷ್ಟ.

172 ನಿಮಿಷ. ಹೆದರಬೇಡಿ, ಎರಡು ಸಂಜೆಗೆ ಹಂಚಿಕೊಳ್ಳಿ.

ಅರೆಗತ್ತಲು:

ಭಾಷಣ ಬೇಡ ಅಂದವರಿಗೆ 172 ನಿಮಿಷದ ಔಷಧಿ ಯಾಕೆ ಸರ್? ‘ಡಬಲ್ ಇಂಡೆಮ್ನಿಟಿ’ ನೋಡಿ ಮೇಡಂ. 1944. ಬಿಲ್ಲಿ ವೈಲ್ಡರ್. ಒಂದೂ ಮುಕ್ಕಾಲು ಗಂಟೆ.

ಯುದ್ಧದ ನಟ್ಟನಡುವೆ ಬಂದ ಚಿತ್ರ, ಯುದ್ಧದ ಮಾತೇ ಇಲ್ಲ. ಕಥೆ ನಡೆಯುವುದು 1938ರಲ್ಲಿ. ಇನ್ಶೂರೆನ್ಸ್ ಮಾರುವವನು, ಗಂಡನನ್ನು ಮುಗಿಸಬೇಕೆನ್ನುವ ಹೆಂಡತಿ, ಪಾಲಿಸಿ ದುಡ್ಡು. ಇಲ್ಲಿ ಶತ್ರು ಹೊರಗಿನಿಂದ ಬರುವುದಿಲ್ಲ. ಪಕ್ಕದ ಬಂಗಲೆಯಲ್ಲಿ ತಣ್ಣಗೆ ಕೂತಿರುತ್ತಾನೆ. ವೈಲ್ಡರ್ ಕೂಡ 1933ರಲ್ಲಿ ಬರ್ಲಿನ್ ಬಿಟ್ಟು ಬಂದವರು. ಮನುಷ್ಯರ ಮೇಲೆ ಅವರಿಗೆ ಜಾಸ್ತಿ ಭ್ರಮೆ ಇರಲಿಲ್ಲ.

ಆಗಿನ ಸೆನ್ಸಾರ್ ನಿಯಮ ಗೊತ್ತಲ್ಲ, ತಪ್ಪು ಮಾಡಿದವನಿಗೆ ಶಿಕ್ಷೆ ಆಗಲೇಬೇಕು. 1934ರಿಂದ ಗಟ್ಟಿಯಾಗಿ ಜಾರಿಯಲ್ಲಿತ್ತು. ವೈಲ್ಡರ್ ಏನು ಮಾಡಿದರು? ಗುಂಡೇಟು ತಿಂದ ಕೊಲೆಗಾರ ಆಫೀಸಿಗೆ ಬಂದು ತಪ್ಪೊಪ್ಪಿಗೆ ಹೇಳುವಲ್ಲಿಂದಲೇ ಚಿತ್ರ ಶುರು ಮಾಡಿದರು. ಸಿಕ್ಕಿಬೀಳುತ್ತಾನಾ ಅನ್ನುವ ಕುತೂಹಲವನ್ನು ಮೊದಲೇ ಎಸೆದು, ಹೇಗೆ ಬಿದ್ದ ಅನ್ನುವುದರಲ್ಲಿ ನಮ್ಮನ್ನು ಕೂರಿಸಿದರು. ಸೆನ್ಸಾರ್ ನಿಯಮವೇ ಕಥೆಯ ಬೆನ್ನೆಲುಬಾಯಿತು.

ಇನ್ನು ಆ ಮನೆಯ ಬೆಳಕು! ಕಿಟಕಿ ಪಟ್ಟಿಗಳ ನೆರಳು ಕೈದಿಯ ಬಟ್ಟೆಯ ಗೆರೆಯಾಗಿ ಮೈಮೇಲೆ ಬೀಳುತ್ತದೆ. ಗಾಳಿಯಲ್ಲಿ ಧೂಳು ಕಾಣಲಿ ಅಂತ ಛಾಯಾಗ್ರಾಹಕ ಜಾನ್ ಸೈಟ್ಜ್ ಅಲ್ಯೂಮಿನಿಯಂ ಪುಡಿ ತೂರಿಸಿದ್ದರು. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಹಿಂದಿನ ಬೆಂಚು:

‘ಬೆಸ್ಟ್ ಇಯರ್ಸ್’ ಬಗ್ಗೆ ನನ್ನದೊಂದು ತಕರಾರಿದೆ. ಸಂಜೆಪಾಳಿ ಅವರು ನೋಡುವ ಮುಂಚೆಯೇ ಹೇಳಿಬಿಡುತ್ತೇನೆ, ನೋಡುವಾಗ ಮನಸ್ಸಿನಲ್ಲಿ ಇರಲಿ.

ಫ್ರೆಡ್‌ನ ಹೆಂಡತಿ ಮೇರಿ. ಮದುವೆಯಾದ ಸ್ವಲ್ಪ ದಿನಕ್ಕೆ ಗಂಡ ಯುದ್ಧಕ್ಕೆ ಹೋದ. ಅವಳು ಮಾವನ ಮನೆ ಬಿಟ್ಟು, ನೈಟ್‌ಕ್ಲಬ್ಬಿನಲ್ಲಿ ಕೆಲಸ ಹಿಡಿದು, ತನ್ನ ದುಡ್ಡಿನಲ್ಲಿ ಬದುಕಿದಳು. ಚಿತ್ರಕ್ಕೆ ಅವಳನ್ನು ಕಂಡರೆ ಆಗುವುದಿಲ್ಲ. ಅವಳು ನಕ್ಕರೂ ತಪ್ಪು, ಹೊರಗೆ ಊಟಕ್ಕೆ ಹೋಗೋಣ ಅಂದರೂ ತಪ್ಪು. ಅದೇ ಆಲ್‌ನ ಮಗಳು ಪೆಗ್ಗಿ, ಆ ಮದುವೆ ಮುರಿಯುತ್ತೇನೆ ಅಂತ ಅಪ್ಪ ಅಮ್ಮನ ಮುಂದೆ ಹೇಳಿದರೂ ಒಳ್ಳೆಯ ಹುಡುಗಿ. ಯುದ್ಧದಲ್ಲಿ ಕಾರ್ಖಾನೆ ನಡೆಸಿದ ಹೆಂಗಸರನ್ನು ಮನೆಗೆ ಕಳಿಸುತ್ತಿದ್ದ ಹೊತ್ತು ಅದು. ಮೇರಿಗೆ ಸಿಕ್ಕ ಶಿಕ್ಷೆಯನ್ನು ಅದರ ಜೊತೆಗಿಟ್ಟು ನೋಡಿ.

ಇನ್ನೊಂದು. ಮೂವರು ಸೈನಿಕರೂ ಬಿಳಿಯರು. ಕಪ್ಪು ಸೈನಿಕರೂ ಯುದ್ಧದಿಂದ ವಾಪಸ್ ಬಂದರಲ್ಲ? ಆಗ ಸೇನೆಯಲ್ಲೇ ಅವರ ಪಡೆ ಬೇರೆ, ಊಟದ ಮನೆ ಬೇರೆ. ಆ ಭೇದ ಕೊನೆಗಾಣಿಸಲು ಅಧ್ಯಕ್ಷ ಟ್ರೂಮನ್ ಆದೇಶ ಬಂದದ್ದು 1948ರಲ್ಲಿ. ‘ಕಾಸಾಬ್ಲಾಂಕಾ’ದಲ್ಲಿ ಕೆಫೆಯ ಪಿಯಾನೋ ನುಡಿಸುವ ಕಪ್ಪು ಮನುಷ್ಯ ಸ್ಯಾಮ್‌ನನ್ನೇ ತೆಗೆದುಕೊಳ್ಳಿ. ರಿಕ್‌ಗೆ ಇರುವ ಒಬ್ಬನೇ ಗೆಳೆಯ. ಕೊನೆಗೆ ಕೆಫೆ ಮಾರುವಾಗ ಸ್ಯಾಮ್‌ನ ಭವಿಷ್ಯ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ, ಲಾಭದಲ್ಲಿ ಅವನಿಗೆ ಎಷ್ಟು ಪಾಲು ಅಂತ. ಅವನು ಆ ಕೋಣೆಯಲ್ಲೂ ಇರುವುದಿಲ್ಲ. ಅಂದಹಾಗೆ ಸ್ಯಾಮ್ ಆಗಿರುವ ಡೂಲಿ ವಿಲ್ಸನ್‌ಗೆ ಪಿಯಾನೋ ಬರುತ್ತಿರಲಿಲ್ಲ. ಅವರು ಡ್ರಮ್ ಬಾರಿಸುವವರು.

ಯುದ್ಧವಾದ ಮೇಲೆ ಹಾಲಿವುಡ್ ಇಂಥ ವಿಷಯಕ್ಕೆ ಕೈ ಹಾಕಿತು, ಆದರೆ ವಿಚಿತ್ರ ರೀತಿಯಲ್ಲಿ. ‘ಕ್ರಾಸ್‌ಫೈರ್’ 1947ರದ್ದು. ಸೈನಿಕನೊಬ್ಬ ದ್ವೇಷದಿಂದ ಕೊಲೆ ಮಾಡುತ್ತಾನೆ. ಕಾದಂಬರಿಯಲ್ಲಿ ಸತ್ತವನು ಸಲಿಂಗಿ. ಸೆನ್ಸಾರ್ ಒಪ್ಪುವುದಿಲ್ಲವಲ್ಲ, ಚಿತ್ರದಲ್ಲಿ ಯಹೂದಿ ಆದ. ಎರಡು ವರ್ಷದ ಮೇಲೆ ‘ಹೋಮ್ ಆಫ್ ದ ಬ್ರೇವ್’ ಬಂತು. ಅದರ ಮೂಲ ನಾಟಕದಲ್ಲಿ ಅವಮಾನ ತಿನ್ನುವ ಸೈನಿಕ ಯಹೂದಿ. ಚಿತ್ರದಲ್ಲಿ ಕಪ್ಪು ಮನುಷ್ಯ. ನೋವು ಯಾರದ್ದಾದರೇನು, ಈ ವರ್ಷ ಯಾರ ನೋವು ತೋರಿಸಬಹುದೋ ಅವರದ್ದು ಅನ್ನುವ ಲೆಕ್ಕ. ಹಾಗಂತ ನೋಡಬೇಡಿ ಅನ್ನುತ್ತಿಲ್ಲ. ‘ಕ್ರಾಸ್‌ಫೈರ್’ನಲ್ಲಿ ರಾಬರ್ಟ್ ರಯಾನ್ ನಗುವುದನ್ನು ನೋಡಿದರೆ ಮೈ ಜುಂ ಅನ್ನುತ್ತದೆ.

ಸಂಜೆಪಾಳಿ:

‘ಬೆಸ್ಟ್ ಇಯರ್ಸ್’ ನೋಡಿದೆ. ಹಂಚಿಕೊಳ್ಳಲಿಲ್ಲ, ಒಂದೇ ಸಲಕ್ಕೆ ಕೂತು ಮುಗಿಸಿದೆ. ಕಪ್ಪುಬಿಳುಪು ಅವರೇ, ನಿಮ್ಮ ಫೋನ್ ಬೂತ್ ದೃಶ್ಯದಲ್ಲಿ ನಾನು ಬೂತಿನ ಕಡೆ ನೋಡಲೇ ಇಲ್ಲ. ಹೋಮರ್‌ನ ಭುಜ ನೋಡುತ್ತಿದ್ದೆ.

ಕೈ ಕಳೆದುಕೊಂಡವರ ಜೊತೆ ನನ್ನ ಕೆಲಸ ನಡೆಯುತ್ತದೆ. ಹಾಗಾಗಿ ಹೇಳುತ್ತೇನೆ. ಆ ಕೊಕ್ಕೆಗಳಿಗೆ ಮೋಟಾರ್ ಇಲ್ಲ. ಬೆನ್ನಿನ ಮೇಲೆ ಪಟ್ಟಿ, ಅಲ್ಲಿಂದ ಒಂದು ಕೇಬಲ್. ಭುಜವನ್ನು ಚೂರು ಮುಂದೆ ತಳ್ಳಿದರೆ ಕೇಬಲ್ ಬಿಗಿಯಾಗಿ ಕೊಕ್ಕೆ ತೆರೆಯುತ್ತದೆ. ಸಡಿಲ ಬಿಟ್ಟರೆ ರಬ್ಬರ್ ಬ್ಯಾಂಡ್ ಅದನ್ನು ಮುಚ್ಚುತ್ತದೆ. ಕೊಕ್ಕೆಗೆ ಸ್ಪರ್ಶ ಗೊತ್ತಾಗುವುದಿಲ್ಲ, ಹಿಡಿದದ್ದನ್ನು ಕಣ್ಣಲ್ಲೇ ನೋಡಿಕೊಳ್ಳಬೇಕು. ಕಲಿಯುವ ಶುರುವಿನಲ್ಲಿ ಎಲ್ಲರೂ ಇಡೀ ಮೈ ತಿರುಗಿಸುತ್ತಾರೆ. ಆಮೇಲಾಮೇಲೆ ಅದು ಭುಜದ ಸಣ್ಣ ಅಲುಗಾಟಕ್ಕೆ ಇಳಿಯುತ್ತದೆ. ಹೋಮರ್ ಬೆಂಕಿಕಡ್ಡಿ ಗೀರುವಾಗ, ಸಹಿ ಹಾಕುವಾಗ, ಗ್ಯಾರೇಜಿನಲ್ಲಿ ಬಂದೂಕು ಹಿಡಿಯುವಾಗ ಅಲುಗುವುದು ಅಷ್ಟೇ. ಯಾವ ನಟನೂ ನಾಲ್ಕು ತಿಂಗಳ ಅಭ್ಯಾಸದಲ್ಲಿ ಇದನ್ನು ಮಾಡಲಾರ ಅಂತ ಅನ್ನಿಸಿ ಹುಡುಕಿದೆ. ಹೆರಾಲ್ಡ್ ರಸೆಲ್ ನಟರೇ ಅಲ್ಲ. ಸೇನೆಯಲ್ಲಿ ಸ್ಫೋಟಕಗಳ ತರಬೇತಿ ಕೊಡುತ್ತಿದ್ದವರು. 1944ರ ಜೂನ್ 6ರಂದು ಕೈಯಲ್ಲೇ ಸಿಡಿದು ಎರಡೂ ಕೈ ಹೋದವು. ಸೇನೆಯ ಒಂದು ಸಾಕ್ಷ್ಯಚಿತ್ರದಲ್ಲಿ ಅವರನ್ನು ನೋಡಿ ವೈಲರ್ ಕರೆಸಿದರು. ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಬಂದದ್ದು ಅವರೊಬ್ಬರಿಗೇ ಅಂತೆ. ಒಂದು ಗೌರವಕ್ಕೆ ಕೊಟ್ಟದ್ದು, ಇನ್ನೊಂದು ಸ್ಪರ್ಧೆಯಲ್ಲಿ ಗೆದ್ದದ್ದು.

ಇದಕ್ಕಿಂತ ನನಗೆ ಹಿಡಿಸಿದ್ದು ಬರವಣಿಗೆ. ಹೋಮರ್‌ಗೆ ವಸ್ತುಗಳ ಜೊತೆ ಯಾವ ತೊಂದರೆಯೂ ಇಲ್ಲ. ಲೋಟ, ಪೆನ್ನು, ಪಿಯಾನೋ ಎಲ್ಲ ಸಲೀಸು. ಮನೆಯ ಅಂಗಳದಲ್ಲಿ ಅವನ ಪ್ರೇಯಸಿ ವಿಲ್ಮಾ ಬಂದು ತಬ್ಬಿಕೊಂಡಾಗ ಮಾತ್ರ ಎರಡೂ ತೋಳು ಪಕ್ಕದಲ್ಲಿ ಇಳಿಬಿದ್ದಿರುತ್ತವೆ. ನಮ್ಮ ಕೋಣೆಯಲ್ಲಿ ನಡೆಯುವುದೂ ಇದೇ. ಗುಂಡಿ ಹಾಕುವುದು ಕಲಿಸಬಹುದು, ಮಿಕ್ಕದ್ದು ನಮ್ಮ ಕೈಲಿಲ್ಲ. ರಾತ್ರಿ ಪಟ್ಟಿ ಬಿಚ್ಚಿದ ಮೇಲೆ ತಾನೆಷ್ಟು ಅಸಹಾಯಕ ಅಂತ ವಿಲ್ಮಾಗೆ ತೋರಿಸುವ ದೃಶ್ಯವನ್ನು ನನ್ನ ವಿದ್ಯಾರ್ಥಿಗಳಿಗೆ ಹಾಕಿ ತೋರಿಸಬೇಕು ಅಂತಿದ್ದೇನೆ. ಅಲ್ಲಿ ಸಂಗೀತ ಒಂಚೂರು ಕಮ್ಮಿ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಹಿಂದಿನ ಬೆಂಚು ಅವರೇ, ಮೇರಿ ವಿಷಯದಲ್ಲಿ ಅರ್ಧ ಒಪ್ಪಿದೆ. ಚಿತ್ರ ಅವಳಿಗೆ ಅನ್ಯಾಯ ಮಾಡಿದೆ, ನಿಜ. ಆದರೆ ಫ್ರೆಡ್ ರಾತ್ರಿ ಕನಸಿನಲ್ಲಿ ಕಿರುಚುವವನು. ಅದು ಗೊತ್ತಿದ್ದೂ, ಯುದ್ಧ ಮರೆತುಬಿಡು ಅನ್ನುವ ಹೆಂಡತಿಯ ಜೊತೆ ಯಾರಿಗಾದರೂ ಕಷ್ಟ. ಯುದ್ಧದಲ್ಲಿ ಕ್ಯಾಪ್ಟನ್ ಆ ಫ್ರೆಡ್. ವಾಪಸ್ ಬಂದರೆ ಅದೇ ಔಷಧಿ ಅಂಗಡಿಯ ಸೋಡಾ ಕೌಂಟರ್, ವಾರಕ್ಕೆ 32.50 ಡಾಲರ್. ಗುಜರಿಗೆ ನಿಲ್ಲಿಸಿದ ಬಾಂಬರ್‌ಗಳ ಸಾಲಿನಲ್ಲಿ ಅವನು ಹತ್ತಿ ಕೂರುವ ಜಾಗ ನಂಗೆ ಪಿಯಾನೋಗಿಂತ ಒಂದು ಕೈ ಮೇಲೆ. ಅಲ್ಲೂ ಒಂದು ಮಾತಿಲ್ಲ.

ಒಂದು ಸಂಶಯ. ಫ್ರೆಡ್ ಥರ ಮನಸ್ಸಿಗೆ ಪೆಟ್ಟು ಬಿದ್ದವರ ಬಗ್ಗೆ ಆಗ ಬೇರೆ ಯಾರೂ ಚಿತ್ರ ಮಾಡಲಿಲ್ಲವಾ?

ಕಪ್ಪುಬಿಳುಪು:

ಭುಜದ ವಿಷಯ ನನಗೆ ಹೊಳೆದೇ ಇರಲಿಲ್ಲ. ಮತ್ತೆ ಹಾಕಿ ನೋಡಬೇಕು.

ನಿಮ್ಮ ಸಂಶಯಕ್ಕೆ ಜಾನ್ ಹ್ಯೂಸ್ಟನ್ ಅವರ ‘ಲೆಟ್ ದೇರ್ ಬಿ ಲೈಟ್’ ಇದೆ. ಒಂದು ಗಂಟೆಯೊಳಗಿನ ಸಾಕ್ಷ್ಯಚಿತ್ರ. ಸೇನೆಯೇ ಮಾಡಿಸಿದ್ದು, ಸೇನೆಯ ಆಸ್ಪತ್ರೆಯಲ್ಲೇ ತೆಗೆದದ್ದು. ನಡೆಯಲು ಆಗದವರು, ಮಾತು ನಿಂತವರು, ಅಳು ನಿಲ್ಲದವರು. ಎಲ್ಲರೂ ನಿಜವಾದ ಸೈನಿಕರು, ಕಪ್ಪು ಬಿಳಿ ಇಬ್ಬರೂ ಒಂದೇ ಕೋಣೆಯಲ್ಲಿ. 1946ರಲ್ಲಿ ಮುಗಿಯಿತು. ಸೇನೆ ನೋಡಿ ಬೆಚ್ಚಿ ಮುಚ್ಚಿಟ್ಟಿತು. ಜನರ ಕಣ್ಣಿಗೆ ಬೀಳಲು ಮೂವತ್ತು ವರ್ಷಕ್ಕೂ ಜಾಸ್ತಿ ಬೇಕಾಯಿತು. ನಿಮ್ಮ ಕೆಲಸದವರಿಗೆ ಅದರ ಚಿಕಿತ್ಸೆ ಸ್ವಲ್ಪ ಪವಾಡದ ಹಾಗೆ ಕಾಣಬಹುದು. ವೈದ್ಯರು ಒಂದು ಇಂಜೆಕ್ಷನ್ ಕೊಟ್ಟರೆ ನಡೆಯಲಾಗದವನು ಎದ್ದು ನಡೆಯುತ್ತಾನೆ. ಆ ಭಾಗ ನಂಬಬೇಕಿಲ್ಲ. ಮುಖಗಳನ್ನು ನೋಡಿ.

ಭಾಷಣ ನಿಂತಿತಾ ಅಂತ ಮೊದಲು ಕೇಳಿದಿರಲ್ಲ. ಒಂದು ವರ್ಷ ನಿಂತಿತು ಅನ್ನಬಹುದು. 1947ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿ, ಹಾಲಿವುಡ್‌ನಲ್ಲಿ ಕಮ್ಯುನಿಸ್ಟರು ಯಾರ‍್ಯಾರು ಅಂತ ವಿಚಾರಣೆಗೆ ಕೂತಿತು. ‘ಕ್ರಾಸ್‌ಫೈರ್’ನ ನಿರ್ದೇಶಕ, ನಿರ್ಮಾಪಕ ಇಬ್ಬರೂ ಜೈಲು ಕಂಡರು. ‘ಕಾಸಾಬ್ಲಾಂಕಾ’ ಬರೆದವರಲ್ಲಿ ಒಬ್ಬರಾದ ಹೊವರ್ಡ್ ಕಾಕ್‌ಗೆ ಕೆಲಸ ಸಿಗದಂತಾಯಿತು. ಅವರ ಮೇಲಿದ್ದ ದೂರುಗಳಲ್ಲಿ ಒಂದು ‘ಮಿಷನ್ ಟು ಮಾಸ್ಕೋ’ ಬರೆದದ್ದು. ರಷ್ಯಾ ಅಮೆರಿಕದ ಮಿತ್ರನಾಗಿದ್ದ 1943ರಲ್ಲಿ ಸರ್ಕಾರಕ್ಕೇ ಬೇಕಿದ್ದ ಚಿತ್ರ ಅದು! ‘ಬೆಸ್ಟ್ ಇಯರ್ಸ್’ ಥರದ್ದನ್ನು ಈಗ ಮಾಡಲು ಬಿಡುತ್ತಿರಲಿಲ್ಲ ಅಂತ ವೈಲರ್ ಆಗಲೇ ರೇಡಿಯೋದಲ್ಲಿ ಹೇಳಿದ್ದರು. ಚಿತ್ರ ಬಂದು ಒಂದು ವರ್ಷವೂ ಆಗಿರಲಿಲ್ಲ.

ಅರೆಗತ್ತಲು:

ನನ್ನ ‘ಡಬಲ್ ಇಂಡೆಮ್ನಿಟಿ’ಯನ್ನು ಯಾರೂ ಕ್ಯಾರೇ ಅನ್ನಲಿಲ್ಲ. ಇರಲಿ.

ಸಣ್ಣ ಪಾತ್ರಗಳ ಮುಖ ನೋಡುವ ಚಟ ಹತ್ತಿದೆ ಅಂದಿರಲ್ಲ ಮೇಡಂ, ಹಾಗಾದರೆ ಮುಂದಿನದಕ್ಕೆ ಅರ್ನ್ಸ್ಟ್ ಲುಬಿಚ್ ಅವರ ‘ಟು ಬಿ ಆರ್ ನಾಟ್ ಟು ಬಿ’ ಹಾಕಿ. ಅದೂ 1942. ನಾಜಿಗಳು ಹಿಡಿದ ವಾರ್ಸಾದಲ್ಲಿ ಸಿಕ್ಕಿಕೊಂಡ ನಾಟಕ ಕಂಪನಿ. ಹೊಟ್ಟೆ ಹುಣ್ಣಾಗುವಷ್ಟು ನಗು. ಇಂಥ ಹೊತ್ತಲ್ಲಿ ಇದೆಂಥ ತಮಾಷೆ ಅಂತ ಆಗ ಕೆಲವು ವಿಮರ್ಶಕರು ಬೈದಿದ್ದರು. ನಾಯಕಿ ಕ್ಯಾರೊಲ್ ಲೊಂಬಾರ್ಡ್ ಬಿಡುಗಡೆಗೆ ಮುಂಚೆಯೇ, ಯುದ್ಧದ ಬಾಂಡ್ ಮಾರಿ ವಾಪಸ್ ಬರುವಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಹಾಗಾಗಿ ನಗುವುದು ಇನ್ನೂ ಕಷ್ಟವಾಗಿತ್ತು.

ಅದರಲ್ಲಿ ಗ್ರೀನ್‌ಬರ್ಗ್ ಅನ್ನುವ ಚಿಲ್ಲರೆ ಪಾತ್ರದ ನಟನಿದ್ದಾನೆ. ರಂಗದ ಮೇಲೆ ಈಟಿ ಹಿಡಿದು ನಿಲ್ಲುವುದೇ ಅವನ ಕೆಲಸ. ಒಮ್ಮೆಯಾದರೂ ಶೇಕ್ಸ್‌ಪಿಯರ್ ನಾಟಕದ ಯಹೂದಿ ಶೈಲಾಕ್ ಆಗಬೇಕು ಅಂತ ಆಸೆ. ಆ ಮಾತು ಹೇಳುವ ಅವಕಾಶ ಅವನಿಗೆ ಎಲ್ಲಿ, ಯಾರ ಮುಂದೆ ಸಿಗುತ್ತದೆ ಅಂತ ನೀವೇ ನೋಡಿ. ಪಾತ್ರ ಮಾಡಿದವರು ಫೆಲಿಕ್ಸ್ ಬ್ರೆಸಾರ್ಟ್. ಅವರೂ ಹಿಟ್ಲರ್ ಬಂದಮೇಲೆ ಜರ್ಮನಿ ಬಿಟ್ಟ ಯಹೂದಿ. 99 ನಿಮಿಷ. ಅದಾದ ಮೇಲೆ ನನ್ನ ಇನ್ಶೂರೆನ್ಸ್ ಕೊಲೆಗಾರನನ್ನು ನೋಡಿ, ಬಂದು ಹೇಳಬೇಕು.